ಚಿತ್ರ ಬಿಡಿಸುವ ಕೈ ಹುಟ್ಟಿನದೋ, ಪಳಗಿಸಿದ್ದೋ?

ಪ್ರಶ್ನೆ: ನನಗೆ 26 ವರ್ಷ. ಉಡುಪಿಯ ಒಂದು ಸೊಸೈಟಿಯಲ್ಲಿ ಕ್ಲರ್ಕ್. ಎರಡು ವರ್ಷದಿಂದ ದಿನಾ ರಾತ್ರಿ ಒಂದೂವರೆ, ಎರಡು ಗಂಟೆ ಪೆನ್ಸಿಲಿನಲ್ಲಿ ಭಾವಚಿತ್ರ ಬಿಡಿಸುತ್ತಿದ್ದೇನೆ. ಮೊಬೈಲಿನ ಫೋಟೊ ಇಟ್ಟುಕೊಂಡು, ಅದರ ಮೇಲೂ ಕಾಗದದ ಮೇಲೂ ಚೌಕ ಹಾಕಿ ಬಿಡಿಸಿದರೆ ಹೋಲಿಕೆ ಬರುತ್ತದೆ, ಜನ ಮೆಚ್ಚುತ್ತಾರೆ. ಆದರೆ ಯಾರನ್ನಾದರೂ ಎದುರಿಗೆ ಕೂರಿಸಿಕೊಂಡು ಬಿಡಿಸಲು ಹೋದರೆ ಮುಖವೇ ಬೇರೆಯಾಗುತ್ತದೆ. ನನ್ನ ಅಣ್ಣ ಯಾವ ಕ್ಲಾಸಿಗೂ ಹೋದವನಲ್ಲ, ನಾಲ್ಕು ಗೀಟಿನಲ್ಲಿ ಯಕ್ಷಗಾನದ ವೇಷ ಬಿಡಿಸಿಬಿಡುತ್ತಾನೆ. ಇದೆಲ್ಲ ಹುಟ್ಟಿನಿಂದ ಬರಬೇಕು, ಒದ್ದಾಡಿ ಪ್ರಯೋಜನವಿಲ್ಲ ಎನ್ನುತ್ತಾರೆ ಮನೆಯಲ್ಲಿ. ಬರೀ ಶ್ರಮದಿಂದ ಕಲಾವಿದನಾಗಲು ಸಾಧ್ಯವೇ? ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯಬಹುದೇ?

ಉತ್ತರ:

ನಿಮ್ಮ ಪ್ರಶ್ನೆಯಲ್ಲೇ ಉತ್ತರದ ಮುಖ್ಯ ಸುಳಿವು ಇದೆ. ಫೋಟೊ ನೋಡಿದರೆ ಬರುತ್ತದೆ, ಎದುರಿಗೆ ಕೂರಿಸಿದರೆ ಬರುವುದಿಲ್ಲ. ಪ್ರತಿಭೆ ಇಲ್ಲದಿರುವುದಕ್ಕೆ ಇದು ಸಾಕ್ಷಿಯಾಗುವುದಿಲ್ಲ. ಎರಡು ವರ್ಷ ಒಂದು ಕೆಲಸ ಅಭ್ಯಾಸ ಮಾಡಿ, ಈಗ ಬೇರೆ ಕೆಲಸದಲ್ಲಿ ನಿಮ್ಮನ್ನು ನೀವು ಪರೀಕ್ಷಿಸುತ್ತಿದ್ದೀರಿ, ಅಷ್ಟೆ. ಚೌಕ ಹಾಕಿ ಬಿಡಿಸುವಾಗ ಮುಖದ ಪ್ರಮಾಣ ಹಿಡಿಯುವ ಹೊಣೆಯೆಲ್ಲ ಚೌಕದ ಮೇಲೆ ಬೀಳುತ್ತದೆ. ಕಣ್ಣಿಗೆ ಉಳಿಯುವುದು ಒಂದು ಸಣ್ಣ ಮನೆಯೊಳಗೆ ಗೀಟು ಎಲ್ಲಿ ಹೊಕ್ಕು ಎಲ್ಲಿ ಹೊರಬಿತ್ತು ಎಂದು ನೋಡಿ ಇಳಿಸುವ ಕೆಲಸ ಮಾತ್ರ. ನೀವು ಹೇಳಿದ ಲೆಕ್ಕದಲ್ಲಿ ಸಾವಿರ ಗಂಟೆ ದಾಟಿದೆ. ಪೆನ್ಸಿಲಿನ ಹಿಡಿತ, ಛಾಯೆ ಕೂಡಿಸುವ ಹದ, ಕೂತಲ್ಲೇ ಕೂರುವ ತಾಳ್ಮೆ ಇವೆಲ್ಲ ಅದರಿಂದ ಬಂದಿವೆ. ಅಳತೆ ಹಿಡಿಯುವ ಕಣ್ಣಿಗೆ ಮಾತ್ರ ಆ ಸಾವಿರ ಗಂಟೆಯಲ್ಲಿ ಕೆಲಸವೇ ಸಿಕ್ಕಿಲ್ಲ.

ಹುಟ್ಟಿನ ಪಾಲು ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ. ಬ್ರಿಟನ್ನಿನಲ್ಲಿ ನಾಲ್ಕು ವರ್ಷದ 7,752 ಜೋಡಿ ಅವಳಿ ಮಕ್ಕಳಿಂದ ಒಂದು ಮಗುವಿನ ಚಿತ್ರ ಬಿಡಿಸಿ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಮಕ್ಕಳ ನಡುವಿನ ವ್ಯತ್ಯಾಸದಲ್ಲಿ ಸುಮಾರು ಶೇ. 29ರಷ್ಟು ವಂಶವಾಹಿಯಿಂದ ಬಂದದ್ದು ಎಂದು ಅದರಲ್ಲಿ ಕಂಡಿತು. ಅಂದ ನೋಡಿ ಕೊಟ್ಟ ಅಂಕ ಅದಲ್ಲ. ಕಣ್ಣು, ಮೂಗು, ಕೈ, ಬಟ್ಟೆ ಹೀಗೆ ಎಷ್ಟು ಅಂಗ ಬಂದಿದೆ ಎಂದು ಎಣಿಸಿದ್ದು. ಹಾಗಾಗಿ ಅದನ್ನು ಕಲಾವಿದರ ಭವಿಷ್ಯಕ್ಕೆ ಹಿಡಿದು ಎಳೆಯಬಾರದು. ಹುಟ್ಟಿನ ಪಾಲು ಉಂಟು, ಅದೇ ಪೂರ್ತಿ ಅಲ್ಲ ಎನ್ನುವಷ್ಟಕ್ಕೆ ಸಾಕು.

ಇಷ್ಟು ಅಭ್ಯಾಸ ಮಾಡಿದರೆ ಯಾರೂ ಪರಿಣತರಾಗುತ್ತಾರೆ ಎಂದು ಶ್ರಮದ ಕಡೆಯವರು ಹೇಳುವ "10,000 ಗಂಟೆ"ಯ ಮೂಲ 1993ರಲ್ಲಿ ಮನಶ್ಶಾಸ್ತ್ರಜ್ಞ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಬರ್ಲಿನ್ನಿನ ಪಿಟೀಲು ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ. 18 ವರ್ಷ ತುಂಬುವ ಹೊತ್ತಿಗೆ ಅತ್ಯುತ್ತಮ ಗುಂಪಿನವರು ಸರಾಸರಿ 7,410 ಗಂಟೆ ಒಬ್ಬರೇ ಕೂತು ಅಭ್ಯಾಸ ಮಾಡಿದ್ದರು. ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರು 5,301, ಶಿಕ್ಷಕರಾಗಲು ಓದುತ್ತಿದ್ದವರು 3,420 ಗಂಟೆ. ಹತ್ತು ಸಾವಿರ ಎಂಬುದು ಮೊದಲ ಗುಂಪಿನವರ 20ನೇ ವಯಸ್ಸಿನ ಸರಾಸರಿ. ಆ ಗೆರೆ ದಾಟಿದವರೆಲ್ಲ ಕಲಾವಿದರಾಗುತ್ತಾರೆ ಎಂದು ಎರಿಕ್ಸನ್ ಹೇಳಿಲ್ಲ. ಅವರು ಒತ್ತಿ ಹೇಳಿದ್ದು ಅಭ್ಯಾಸದ ಬಗೆಯನ್ನು: ನಿಮಗೆ ಬಾರದ ಒಂದು ಭಾಗವನ್ನು ಬೇರ್ಪಡಿಸಿ ತೆಗೆದು, ತಪ್ಪು ಎಲ್ಲಿ ಎಂದು ಕೂಡಲೇ ತಿಳಿದು, ತಿದ್ದಿ ಮತ್ತೆ ಮಾಡುವುದು. 2014ರಲ್ಲಿ ಬ್ರೂಕ್ ಮ್ಯಾಕ್‌ನಮಾರಾ ಮತ್ತು ಇಬ್ಬರು ಸಹ ಸಂಶೋಧಕರು ಅಲ್ಲಿವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಸಂಗೀತದಲ್ಲಿ ಸಾಧನೆಯ ವ್ಯತ್ಯಾಸಕ್ಕೆ ಇಂಥ ಅಭ್ಯಾಸ ಕೊಡುವ ವಿವರಣೆ ಶೇ. 21 ಎಂದು ಬಂತು. ಉಳಿದದ್ದರಲ್ಲಿ ಹುಟ್ಟು, ಶುರುಮಾಡಿದ ವಯಸ್ಸು, ಗುರು, ಮನೆಯ ಸ್ಥಿತಿ, ಅದೃಷ್ಟ ಎಲ್ಲ ಸೇರಿರಬಹುದು.

ನಿಮಗೆ ಇವೆಲ್ಲಕ್ಕಿಂತ ಹತ್ತಿರದ್ದು 1997ರ ಇನ್ನೊಂದು ಅಧ್ಯಯನ. ಹೆಚ್ಚಿನವರಿಗೆ ಕಂಡದ್ದನ್ನು ಬಿಡಿಸಲು ಏಕೆ ಬರುವುದಿಲ್ಲ ಎಂದು ಕೊಹೆನ್ ಮತ್ತು ಬೆನೆಟ್ ಎಂಬ ಮನಶ್ಶಾಸ್ತ್ರಜ್ಞರು ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಕೈಯ ಅಡ್ಡಾದಿಡ್ಡಿತನದಿಂದ ಬರುವ ತಪ್ಪು ಅಲ್ಪ; ದೊಡ್ಡ ತಪ್ಪು ವಸ್ತುವನ್ನು ತಪ್ಪಾಗಿ ಕಾಣುವುದರಲ್ಲೇ ಇದೆ ಎಂಬುದು ಅವರ ತೀರ್ಮಾನ. ಹಾಗಿದ್ದ ಮೇಲೆ ಪಳಗಿಸಬೇಕಾದದ್ದು ಕಣ್ಣನ್ನು. ಅದನ್ನು ಮಾಡುವ ಕ್ರಮ ಇದೆ, ಮತ್ತು ಮಾಡಿದ್ದು ಫಲಿಸಿತೇ ಎಂದು ಸ್ಕೇಲು ಹಿಡಿದು ನೋಡಬಹುದು.

ಒಂದು ಹಿತ್ತಾಳೆಯ ಕೊಡಪಾನದಿಂದ ಶುರುಮಾಡಿ. ಮೇಜಿನ ಮೇಲೆ ಇಡಿ, ಎರಡು ಮೀಟರ್ ದೂರದಲ್ಲಿ ಕುಳಿತುಕೊಳ್ಳಿ. ಬೆಳಕು ಒಂದೇ ಕಿಟಕಿಯಿಂದ ಬರಲಿ, ಟ್ಯೂಬ್‌ಲೈಟ್ ಆರಿಸಿ. ಕೊಡಪಾನದ ಬಾಯಿ ವೃತ್ತ, ತಳವೂ ವೃತ್ತ. ಆದರೆ ಕೂತಲ್ಲಿಂದ ಎರಡೂ ಅಂಡಾಕಾರವಾಗಿ ಕಾಣುತ್ತವೆ. ಬಾಯಿ ನಿಮ್ಮ ಕಣ್ಣಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಅದರ ಅಂಡ ಚಪ್ಪಟೆ. ತಳ ಇನ್ನೂ ಕೆಳಗಿರುವುದರಿಂದ ಅದರ ಅಂಡ ಹೆಚ್ಚು ತುಂಬಿಕೊಂಡಿರುತ್ತದೆ. ಹೊಸಬರು ತಪ್ಪದೆ ಇದನ್ನು ತಿರುಗುಮುರುಗು ಮಾಡುತ್ತಾರೆ. ಬಾಯಿ ದುಂಡಗಿದೆ ಎಂದು ಗೊತ್ತಿರುವುದರಿಂದ ದುಂಡಗೆ ಬಿಡಿಸುತ್ತಾರೆ. ಮೇಜು ಸಮತಟ್ಟು ಎಂದು ಗೊತ್ತಿರುವುದರಿಂದ ತಳವನ್ನು ನೇರ ಗೀಟು ಎಳೆದು ಮುಗಿಸುತ್ತಾರೆ. ಕಣ್ಣು ಸರಿಯಾದ ಸುದ್ದಿಯನ್ನೇ ತಂದಿದ್ದರೂ ಮೊದಲೇ ಗೊತ್ತಿದ್ದ ಸಂಗತಿ ಅದನ್ನು ತಳ್ಳಿಹಾಕುತ್ತದೆ. ಅಂಡದ ಎರಡು ತುದಿಗಳನ್ನು ಚೂಪು ಮಾಡುವುದು ಇನ್ನೊಂದು ಸಾಮಾನ್ಯ ತಪ್ಪು. ಎಷ್ಟೇ ಚಪ್ಪಟೆಯಾದರೂ ಅಂಡದ ತುದಿಯಲ್ಲಿ ತಿರುವು ಇರುತ್ತದೆ, ಮೂಲೆ ಇರುವುದಿಲ್ಲ.

ಅಳೆಯುವ ರೀತಿ ಹೀಗೆ. ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಕೈ ಪೂರ್ತಿ ಚಾಚಿ, ಮೊಣಕೈ ಮಡಚದೆ, ಒಂದು ಕಣ್ಣು ಮುಚ್ಚಿ. ಪೆನ್ಸಿಲಿನ ತುದಿಯನ್ನು ಕೊಡಪಾನದ ಒಂದು ಅಂಚಿಗೆ ಕೂಡಿಸಿ, ಇನ್ನೊಂದು ಅಂಚು ಬರುವಲ್ಲಿಗೆ ಹೆಬ್ಬೆರಳು ಜಾರಿಸಿ. ಅದು ಅಗಲ. ಅದೇ ಹೆಬ್ಬೆರಳ ಅಳತೆಯನ್ನು ಎತ್ತರಕ್ಕೆ ಹಿಡಿದು, ಅಗಲದ ಎಷ್ಟು ಪಾಲು ಎಂದು ನೋಡಿ. ತಪ್ಪಾಗುವ ಕಡೆ ಮೂರು: ಮೊಣಕೈ ಸ್ವಲ್ಪ ಮಡಚಿದರೂ ಅಳತೆ ಬದಲಾಗುತ್ತದೆ, ಪೆನ್ಸಿಲಿನ ತುದಿ ವಸ್ತುವಿನ ಕಡೆಗೆ ಬಾಗಿದರೆ ಉದ್ದ ಕಡಿಮೆ ಕಾಣುತ್ತದೆ, ಒಂದು ಅಳತೆಗೂ ಇನ್ನೊಂದಕ್ಕೂ ನಡುವೆ ಬೆನ್ನು ಕುಸಿದರೆ ತಲೆ ಸರಿದು ಲೆಕ್ಕ ಕೆಡುತ್ತದೆ. ಮೊದಲು ಬರೀ ಕಣ್ಣಂದಾಜಿನಲ್ಲಿ ಬಿಡಿಸಿ, ಆಮೇಲೆ ಅಳೆಯಿರಿ. ಮೊದಲೇ ಅಳೆದುಬಿಟ್ಟರೆ ಪೆನ್ಸಿಲೇ ಹೊಸ ಚೌಕವಾಗುತ್ತದೆ, ಕಣ್ಣು ಮತ್ತೆ ಬಿಡುವಾಗಿ ಕೂರುತ್ತದೆ.

ಚಿತ್ರದಲ್ಲಿನ ಅಗಲ-ಎತ್ತರವನ್ನು ಸ್ಕೇಲಿನಲ್ಲಿ ಅಳೆದು ಭಾಗಿಸಿ, ನಿಜವಾಗಿ ಕಂಡ ಪ್ರಮಾಣದೊಂದಿಗೆ ಹೋಲಿಸಿ. ವ್ಯತ್ಯಾಸ ಶೇಕಡಾ ಎಷ್ಟು ಎಂದು ಚಿತ್ರದ ಮೂಲೆಯಲ್ಲಿ ಬರೆಯಿರಿ. ಪ್ರತಿ ತಿಂಗಳ 1ನೇ ತಾರೀಖು ಅದೇ ಕೊಡಪಾನ, ಅದೇ ಜಾಗ, ಅದೇ ಬೆಳಕು. ನಡುವಿನ ದಿನಗಳಲ್ಲಿ ಬೇರೆ ವಸ್ತುಗಳು: ಚೆಂಬು, ಸೌಟು, ಚಪ್ಪಲಿ, ಮಡಚಿಟ್ಟ ಕೊಡೆ. ಕಣ್ಣಂದಾಜಿನ ತಪ್ಪು ಶೇ. 5ರೊಳಗೆ ನಿಂತರೆ ಎದುರಿಗೆ ಮನುಷ್ಯರನ್ನು ಕೂರಿಸಿಕೊಳ್ಳುವ ಹೊತ್ತು ಬಂತು ಎಂದು ತಿಳಿಯಿರಿ.

ನೀವು ಕೂತು ಬಿಡಿಸುವ ಭಂಗಿಯನ್ನೂ ನೋಡಿಕೊಳ್ಳಿ. ಕಾಗದವನ್ನು ಮೇಜಿನ ಮೇಲೆ ಮಲಗಿಸಿ ಬಿಡಿಸುವವರ ಮುಖಗಳಲ್ಲಿ ಹಣೆ, ತಲೆ ಉದ್ದವಾಗುತ್ತವೆ. ಕಾಗದದ ಮೇಲ್ತುದಿ ಕಣ್ಣಿನಿಂದ ದೂರವಿರುವುದರಿಂದ ಅಲ್ಲಿ ಬಿಡಿಸಿದ್ದು ಕುಗ್ಗಿದಂತೆ ಕಂಡು, ಕೈ ಅದನ್ನು ಎಳೆದು ಸರಿಮಾಡುತ್ತದೆ. ಚಿತ್ರವನ್ನು ಗೋಡೆಗೆ ಒರಗಿಸಿದ ಮೇಲೆ ಎಳೆದದ್ದು ಗೊತ್ತಾಗುತ್ತದೆ. ಬೋರ್ಡನ್ನು ಕುರ್ಚಿಯ ಬೆನ್ನಿಗೆ ಒರಗಿಸಿ ನೇರ ನಿಲ್ಲಿಸಿದರೆ ಒಂದು ವಾರದಲ್ಲಿ ಈ ದೋಷ ಹೋಗುತ್ತದೆ. ಇಂಥ ಸಣ್ಣ ಕಾರಣದ ತಪ್ಪಿಗೆ "ನನಗೆ ಕೈ ಇಲ್ಲ" ಎಂದು ಹೆಸರಿಟ್ಟು ಬಿಟ್ಟುಹೋದವರು ತುಂಬ ಜನ. ಅದನ್ನು ನೆನೆದರೆ ನೋವಾಗುತ್ತದೆ.

ಮುಖಕ್ಕೆ ಬರೋಣ. ವಯಸ್ಕರ ತಲೆಯಲ್ಲಿ ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸರಿ ನಡುವೆ ಇರುತ್ತವೆ. ಹೊಸಬರು ಮೇಲಿನ ಮೂರನೇ ಒಂದು ಭಾಗಕ್ಕೆ ಏರಿಸುತ್ತಾರೆ. ನಮ್ಮ ಗಮನವೆಲ್ಲ ಕಣ್ಣು, ಮೂಗು, ಬಾಯಿಯ ಮೇಲಿರುವುದರಿಂದ ಹಣೆ ಮತ್ತು ಕೂದಲಿಗೆ ಜಾಗ ಸಾಲದಾಗುತ್ತದೆ, ತಲೆ ಮೇಲಿಂದ ಕೊಯ್ದಂತೆ ಆಗುತ್ತದೆ. ಹುಬ್ಬಿನಿಂದ ಗದ್ದದವರೆಗಿನ ಅರ್ಧಕ್ಕೆ ಮೂಗಿನ ಬುಡ. ಅಲ್ಲಿಂದ ಗದ್ದದವರೆಗೆ ಮೂರು ಪಾಲು ಮಾಡಿದರೆ ಮೊದಲ ಪಾಲಿಗೆ ತುಟಿಗಳು ಕೂಡುವ ಗೆರೆ. ಕಿವಿ ಹುಬ್ಬಿನ ಮಟ್ಟದಿಂದ ಮೂಗಿನ ಬುಡದವರೆಗೆ. ಇದು ಸರಾಸರಿ ಲೆಕ್ಕ. ಹೋಲಿಕೆ ಹುಟ್ಟುವುದು ಎದುರಿಗಿರುವವರು ಈ ಸರಾಸರಿಯಿಂದ ಎಲ್ಲೆಲ್ಲಿ ಬೇರೆಯಾಗಿದ್ದಾರೆ ಎಂಬುದರಲ್ಲಿ. ಹಾಗಾಗಿ ಬಿಡಿಸುವ ಮೊದಲು ಎರಡು ನಿಮಿಷ ಸುಮ್ಮನೆ ನೋಡಿ, "ಮೂಗಿನಿಂದ ಮೇಲ್ದುಟಿಗೆ ದೂರ ಜಾಸ್ತಿ, ಎಡ ಹುಬ್ಬು ತುಸು ಮೇಲೆ" ಎಂದು ಎರಡು ಮಾತು ಬರೆದುಕೊಳ್ಳಿ.

ಮೊಬೈಲಿನ ಫೋಟೊಗಳನ್ನು ನೀವು ಸ್ವಲ್ಪ ಅನುಮಾನದಿಂದ ನೋಡಬೇಕು. ಮುಖದಿಂದ 30 ಸೆಂ.ಮೀ. ದೂರದಲ್ಲಿ ತೆಗೆದ ಸೆಲ್ಫಿಯಲ್ಲಿ ಮೂಗು, ಒಂದೂವರೆ ಮೀಟರ್ ದೂರದಿಂದ ತೆಗೆದದ್ದಕ್ಕಿಂತ ಸುಮಾರು ಶೇ. 30ರಷ್ಟು ಅಗಲ ಕಾಣುತ್ತದೆ, ಕಿವಿಗಳು ಹಿಂದೆ ಸರಿದಿರುತ್ತವೆ. ಅದನ್ನು ಚೌಕ ಹಾಕಿ ಎಷ್ಟು ನಿಷ್ಠೆಯಿಂದ ಇಳಿಸಿದರೂ ತಪ್ಪು ಮುಖವೇ ನಿಷ್ಠೆಯಿಂದ ಇಳಿಯುತ್ತದೆ. ನೆರಳಿನ ಭಾಗವನ್ನು ಕ್ಯಾಮೆರಾ ಒಂದೇ ಕಪ್ಪಾಗಿಸುವುದರಿಂದ ಅದರೊಳಗಿನ ತಿರುವೂ ಹೋಗುತ್ತದೆ. ಫೋಟೊ ಬೇಕೇ ಬೇಕಾದರೆ ಎರಡು ಮೀಟರ್ ದೂರ ನಿಂತು, ಜೂಮ್ ಮಾಡಿ, ಕಿಟಕಿಯ ಬೆಳಕಿನಲ್ಲಿ ನೀವೇ ತೆಗೆಯಿರಿ.

ಅಣ್ಣನ ವಿಷಯ. ಅವರಿಗೆ ದೃಶ್ಯದ ನೆನಪು ನಿಮಗಿಂತ ಚುರುಕಾಗಿರಬಹುದು, ಅದು ಹುಟ್ಟಿನಿಂದಲೇ ಬಂದಿರಬಹುದು. ಆದರೆ ನಮ್ಮ ಊರಿನಲ್ಲಿ ಬೆಳೆದ ಹುಡುಗ ಎಷ್ಟು ರಾತ್ರಿ ಯಕ್ಷಗಾನದ ಆಟ ನೋಡಿರುತ್ತಾನೆ, ವೇಷ ಕಟ್ಟುವ ಚೌಕಿಯ ಮುಂದೆ ಎಷ್ಟು ಹೊತ್ತು ನಿಂತಿರುತ್ತಾನೆ, ಶಾಲೆಯ ಪುಸ್ತಕದ ಹಿಂದಿನ ಪುಟದಲ್ಲಿ ಕೇದಗೆ ಮುಂದಲೆ ಎಂಬ ತಲೆಯ ಅಲಂಕಾರವನ್ನೂ ಭುಜಕೀರ್ತಿಯನ್ನೂ ಎಷ್ಟು ಸಲ ಗೀಚಿರುತ್ತಾನೆ ಎಂಬುದನ್ನು ಯಾರೂ ಲೆಕ್ಕ ಇಟ್ಟಿರುವುದಿಲ್ಲ. ಆ ಒಂದು ಆಕೃತಿ ಅವರಿಗೆ ಬಾಯಿಪಾಠವಾಗಿದೆ. ಅದೇ ಸಲೀಸಿನಲ್ಲಿ ನಿಂತಿರುವ ಒಂದು ಸ್ಕೂಟರನ್ನೋ ಅಂಗಳದಲ್ಲಿ ಬಟ್ಟೆ ಒಗೆಯುವ ಅಮ್ಮನನ್ನೋ ಬಿಡಿಸಲು ಹೇಳಿ ನೋಡಿ. ಬಿಡಿಸಿದರೆ ಅವರೂ ನಿಮ್ಮ ಜತೆ ಕೂರಲಿ, ಇಬ್ಬರಿಗೂ ಲಾಭ. ತಡವರಿಸಿದರೆ ಅವರ ನಾಲ್ಕು ಗೀಟಿನ ಹಿಂದೆ ಏನಿತ್ತು ಎಂದು ನಿಮಗೆ ಗೊತ್ತಾಗುತ್ತದೆ.

ಉಡುಪಿಯವರಾಗಿ ನೀವು ತಿಳಿದಿರಬೇಕಾದ ಒಬ್ಬರು ಚಿತ್ರಕಾರ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಊರು ನಿಮ್ಮ ಪಕ್ಕದ ಕಟ್ಟಿಂಗೇರಿ, ಹುಟ್ಟಿದ್ದು 1911ರಲ್ಲಿ. ಹೆಬ್ಬಾರರ ರೇಖೆ ಎಂದರೆ ಕೈ ಎತ್ತದೆ ಹರಿದ ಒಂದೇ ಗೀಟಿನಲ್ಲಿ ನರ್ತಕಿಯೋ ವಾದ್ಯಗಾರನೋ ಮೂಡಿಬಿಡುವಂಥದ್ದು. ಮೊದಲ ಸಲ ನೋಡಿದವರು ವರವೆಂದೇ ಹೇಳುತ್ತಾರೆ. ಆ ರೇಖೆಗೆ ಮುಂಚೆ ಮುಂಬೈಯ ಜೆ.ಜೆ. ಕಲಾಶಾಲೆಯ ಕಟ್ಟುನಿಟ್ಟಿನ ಕಲಿಕೆ ಇತ್ತು, ಅಲ್ಲೇ ಕಲಿಸಿದ ವರ್ಷಗಳಿದ್ದವು. ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲೂ ಅವರು ಕಲಿತರು. ಚಿತ್ರದ ಲಯ ಮೈಗೆ ಹತ್ತಬೇಕೆಂದು ಬೆಳೆದು ದೊಡ್ಡವರಾದ ಮೇಲೆ ಗುರುವಿನ ಬಳಿ ಕಥಕ್ ಅಭ್ಯಾಸ ಮಾಡಿದರು. ತನ್ನಲ್ಲಿ ಕೊರತೆ ಎಲ್ಲಿದೆ ಎಂದು ಗುರುತಿಸಿ, ಅದನ್ನು ತುಂಬಲು ಬೇರೊಂದು ಕಲೆಯ ಮುಂದೆ ಶಿಷ್ಯನಾಗಿ ನಿಲ್ಲುವ ಮನಸ್ಸನ್ನೂ ಪ್ರತಿಭೆಯ ಲೆಕ್ಕಕ್ಕೇ ಸೇರಿಸಬೇಕೆಂದು ನನ್ನ ಅಭಿಪ್ರಾಯ. ಮಣಿಪಾಲದಲ್ಲಿ ಅವರ ಹೆಸರಿನ ಗ್ಯಾಲರಿಯೇ ಇದೆ. ಅವರ ರೇಖಾಚಿತ್ರ ಸಿಕ್ಕಲ್ಲಿ ನಕಲು ಮಾಡುವಾಗ ಗೀಟು ಎಲ್ಲಿ ದಪ್ಪವಾಯಿತು, ಎಲ್ಲಿ ತೆಳುವಾಯಿತು ಎಂಬುದನ್ನು ಮಾತ್ರ ಹಿಂಬಾಲಿಸಿ. ದೇಹದ ಭಾರ ಬಿದ್ದ ಕಡೆ ಏನಾಗುತ್ತದೆ ಎಂದು ನೋಡಿ.

ಮಂಗಳೂರಿನ ಸೇಂಟ್ ಅಲೋಶಿಯಸ್ ಚಾಪೆಲ್ಲಿನ ಚಿತ್ರಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಅಂತೋನಿಯೊ ಮೊಸ್ಕೇನಿ ಅಷ್ಟು ದೊಡ್ಡ ಗೋಡೆ, ಚಾವಣಿಗಳನ್ನು 1901ರ ಹೊತ್ತಿಗೆ, ಎರಡೂವರೆ ವರ್ಷದೊಳಗೆ ಮುಗಿಸಿದರು. ಅವರು ಮಂಗಳೂರಿಗೆ ಬಂದದ್ದು 44ನೇ ವಯಸ್ಸಿನಲ್ಲಿ, ಬೆರ್ಗಾಮೊದ ಅಕಾಡೆಮಿಯಲ್ಲಿ ಕಲಿತು ಇಟಲಿಯ ಚರ್ಚುಗಳಲ್ಲಿ ಚಿತ್ರಿಸಿ ಪಳಗಿದ ಮೇಲೆ. ಗೋಡೆಯ ಹಸಿ ಸುಣ್ಣದ ಗಾರೆಯ ಮೇಲೇ ಬಿಡಿಸುವ ಫ್ರೆಸ್ಕೊ ಚಿತ್ರದಲ್ಲಿ ಗಾರೆ ಗಟ್ಟಿಯಾಗುವ ಮೊದಲೇ ಆ ದಿನದ ಭಾಗ ಮುಗಿಯಬೇಕು. ತಪ್ಪಿದರೆ ಗಾರೆ ಕೆತ್ತಿ ತೆಗೆಯುವುದೇ ದಾರಿ. ಅಂಥ ಕೆಲಸದ ವೇಗ ಹಿಂದಿನ ವರ್ಷಗಳ ಕಾಗದದ ಮೇಲೆ ಕಟ್ಟಿದ್ದು.

ಇನ್ನು ನಿಮ್ಮ ದಿನದ ಲೆಕ್ಕ. ಎರಡು ಗಂಟೆ ಬೇಡ, ಒಂದು ಗಂಟೆ ಸಾಕು, ಆದರೆ ಬೆಳಿಗ್ಗೆ. ರಾತ್ರಿ ದಣಿದ ಕಣ್ಣು ಹಳೆಯ ಅಭ್ಯಾಸವನ್ನೇ ಮಾಡುತ್ತದೆ, ಹೊಸದನ್ನು ಕಲಿಯುವುದಿಲ್ಲ. ಮೊದಲ ಹತ್ತು ನಿಮಿಷ ವೇಗದ ರೇಖೆ: ಒಂದೊಂದು ಭಂಗಿಗೆ 30 ಸೆಕೆಂಡ್, ಒಂದು ನಿಮಿಷ. ಮುಖ ಬೇಡ, ಬೆನ್ನು ಯಾವ ಕಡೆಗೆ ಬಾಗಿದೆ, ಭಾರ ಯಾವ ಕಾಲಿನ ಮೇಲಿದೆ, ಅಷ್ಟೇ. ಮುಂದಿನ ಅರ್ಧ ಗಂಟೆ ಒಂದೇ ವಿಷಯ. ಈ ವಾರ ಅಂಡಾಕಾರವಾದರೆ ಅದೇ, ಮುಂದಿನ ವಾರ ಕೈಬೆರಳಾದರೆ ಅದೇ. ಕೊನೆಯ ಇಪ್ಪತ್ತು ನಿಮಿಷ ತಿದ್ದಲು, ಮತ್ತು ಇದನ್ನು ಯಾರೂ ಮಾಡುವುದಿಲ್ಲ. ಚಿತ್ರವನ್ನು ಕನ್ನಡಿಯಲ್ಲಿ ನೋಡಿ, ವಾಲಿದ್ದು ತಕ್ಷಣ ಕಾಣುತ್ತದೆ. ತಲೆಕೆಳಗೆ ಮಾಡಿ ನೋಡಿ. ನೂಲಿಗೆ ಒಂದು ಸಣ್ಣ ಭಾರ ಕಟ್ಟಿ ಎದುರಿಗಿರುವ ವಸ್ತುವಿನ ಮುಂದೆ ಇಳಿಬಿಟ್ಟು, ಯಾವ ಬಿಂದುವಿನ ಕೆಳಗೆ ಯಾವುದು ಬರುತ್ತದೆ ಎಂದು ಹೋಲಿಸಿ. ಸಿಕ್ಕಿದ ತಪ್ಪನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎರಡು ತಿಂಗಳಲ್ಲಿ ಅದೇ ನಾಲ್ಕೈದು ತಪ್ಪು ಮರಳಿ ಮರಳಿ ಬಂದಿರುವುದು ಕಾಣುತ್ತದೆ. ನಿಮ್ಮ ಪಠ್ಯಕ್ರಮ ಅದೇ.

ಛಾಯೆಯಲ್ಲಿ ನಿಮಗೆ ಅಭ್ಯಾಸವಿದೆ, ಹಾಗಾಗಿ ಒಂದೇ ಮಾತು. ಕಣ್ಣು ಕಿರಿದು ಮಾಡಿ ನೋಡಿ, ಮೊದಲು ಬೆಳಕು-ನೆರಳು ಎಂಬ ಎರಡೇ ಭಾಗ ಮಾಡಿಕೊಳ್ಳಿ, ನಡುವಿನ ಛಾಯೆಗಳು ಆಮೇಲೆ. ಪೆನ್ಸಿಲನ್ನು ಎಷ್ಟು ಒತ್ತಿದರೂ ಒಂದು ಹಂತದ ಮೇಲೆ ಕಪ್ಪಾಗದೆ ಮಿಂಚತೊಡಗುತ್ತದೆ. ಅದಕ್ಕಿಂತ ಆಳದ ಕಪ್ಪು ಬೇಕಾದರೆ ಇದ್ದಿಲಿಗೆ ಹೋಗಿ. ಬೆರಳಿನಿಂದ ಉಜ್ಜಬೇಡಿ, ಚರ್ಮದ ಎಣ್ಣೆ ಕಾಗದಕ್ಕೆ ಹತ್ತಿ ಕಲೆ ಏಳುತ್ತದೆ.

ಭಾನುವಾರ ಹೊರಗೆ ಹೋಗಿ. ಮಲ್ಪೆಯ ಮೀನುಗಾರಿಕೆ ಬಂದರಿನಂಥ ಪಾಠಶಾಲೆ ನಿಮ್ಮ ಹತ್ತಿರ ಇದೆ. ಮೀನು ಇಳಿಯುವ ಹೊತ್ತಿಗೆ ದಕ್ಕೆಯಲ್ಲಿ ಯಾರೂ ನಿಂತಲ್ಲಿ ನಿಲ್ಲುವುದಿಲ್ಲ, ಬುಟ್ಟಿ ಎತ್ತುವ, ಬಾಗುವ, ಎಳೆಯುವ ಭಂಗಿಗಳು ಒಂದರ ಹಿಂದೆ ಒಂದು ಮರಳಿ ಬರುತ್ತವೆ. ಒಂದು ಪುಟದಲ್ಲಿ ಐದಾರು ಭಂಗಿ ಅರ್ಧರ್ಧ ಶುರುಮಾಡಿ, ಅದೇ ಭಂಗಿ ತಿರುಗಿ ಬಂದಾಗ ಮುಂದುವರಿಸಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಕಡಲಿಗಿಳಿಯಲು ನಿಷೇಧ. ಆ 61 ದಿನ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ, ಮಳೆ ಬಿಟ್ಟ ಗಳಿಗೆಯಲ್ಲಿ ಬಿಡಿಸಲು ಅದಕ್ಕಿಂತ ಒಳ್ಳೆಯ ವಸ್ತು ಬೇಡ. ಬೋಟಿನ ಮೂತಿಯ ಕಡೆ ಓರೆಯಾಗಿ ನಿಂತು ನೋಡಿದರೆ ಹತ್ತಿರದ ಅಂಚು ಉದ್ದವಾಗಿ ನಿಧಾನಕ್ಕೆ ಬಾಗಿರುತ್ತದೆ, ಆಚೆಯ ಅಂಚು ಗಿಡ್ಡವಾಗಿ ಕಡಿದಾಗಿ ತಿರುಗುತ್ತದೆ. ಹೆಚ್ಚಿನವರು ಎರಡನ್ನೂ ಸಮಸಮ ಬಿಡಿಸಿ ಮಾವಿನ ಎಲೆ ಮಾಡಿಬಿಡುತ್ತಾರೆ. ಮೊದಲು ಬೋಟು ಹಿಡಿಸುವಷ್ಟು ಒಂದು ಪೆಟ್ಟಿಗೆಯನ್ನು ದೂರಕ್ಕೆ ಕಿರಿದಾಗುವಂತೆ ಬಿಡಿಸಿ, ಅದರ ನೆಲದ ನಡುವೆ ಮೂತಿಯಿಂದ ಹಿಂಭಾಗಕ್ಕೆ ಒಂದು ಗೆರೆ ಹಾಕಿ, ಆಮೇಲೆ ಎರಡು ಅಂಚುಗಳನ್ನು ಬಾಗಿಸಿ. ಹತ್ತು ಬೋಟು ಕೆಡುತ್ತವೆ. ಕೆಡಲಿ.

ಹೀಗೆ ಆರು ತಿಂಗಳು ಮಾಡಿದ ಮೇಲೆ ನಿಮ್ಮ ಮೂಲ ಪ್ರಶ್ನೆಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಆಗ ಅದಕ್ಕೆ ಆಧಾರ ಇರುತ್ತದೆ. ಕೊಡಪಾನದ ಆರು ಚಿತ್ರ ಸಾಲಾಗಿ ಇಟ್ಟಾಗ ತಪ್ಪಿನ ಶೇಕಡಾವಾರು ಇಳಿಯುತ್ತಾ ಬಂದಿದ್ದರೆ ನಿಮ್ಮ ಕಣ್ಣು ಕಲಿಯುತ್ತಿದೆ. ಪ್ರತಿಭೆ ಎಂದು ನಾವು ಹೇಳುವುದರಲ್ಲಿ ದೊಡ್ಡ ಪಾಲು ಈ ಕಲಿಯುವ ವೇಗವೇ. ಕೆಲವರಿಗೆ ಮೂರು ತಿಂಗಳಿಗೆ ಬರುವುದು ಇನ್ನು ಕೆಲವರಿಗೆ ಒಂಬತ್ತು ತಿಂಗಳಿಗೆ ಬರುತ್ತದೆ, ಆ ಅಂತರ ನಿಜ. ತುತ್ತತುದಿಯಲ್ಲಿ ಅದು ಉಳಿಯಲೂಬಹುದು. ಆದರೆ ಒಳ್ಳೆಯ, ನಂಬಿಕಸ್ಥ ಚಿತ್ರಕಾರನಾಗಿ ಬದುಕಲು ಬೇಕಾದ ಮಟ್ಟ ಒಂಬತ್ತು ತಿಂಗಳಿನವರಿಗೂ ಎಟಕುತ್ತದೆ. ಆರು ತಿಂಗಳು ತಿದ್ದಿ ತಿದ್ದಿ ಅಭ್ಯಾಸ ಮಾಡಿಯೂ ತಪ್ಪು ಕದಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಅಭ್ಯಾಸದ ಕ್ರಮವನ್ನು. ಆಗ ಗುರು ಬೇಕು. ಗುರುವನ್ನು ಆರಿಸುವಾಗ ಶಿಷ್ಯರ ಚಿತ್ರಗಳನ್ನು ನೋಡಿ. ಎಲ್ಲ ಒಂದೇ ಅಚ್ಚಿನಲ್ಲಿದ್ದರೆ ಬೇಡ. ನಿಮ್ಮ ಚಿತ್ರ ನೋಡಿ "ಚೆನ್ನಾಗಿದೆ" ಎಂದಷ್ಟೇ ಹೇಳುವವರೂ ಬೇಡ. "ಕಿವಿ ಒಂದು ಬೆರಳು ಕೆಳಗೆ ಬಂದಿದೆ" ಎಂದು ತೋರಿಸುವವರು ಸಿಕ್ಕರೆ ಬಿಡಬೇಡಿ.

ಯಶಸ್ಸು ಎಂಬುದು ಬೇರೆಯೇ ವಿಷಯ. ಶ್ರಮ, ಪ್ರತಿಭೆ ಎರಡೂ ಇದ್ದು ಚಿತ್ರಗಳು ಕಪಾಟಿನಲ್ಲೇ ಉಳಿದವರಿದ್ದಾರೆ. 1980ರಿಂದ 2016ರವರೆಗಿನ ಸುಮಾರು 5 ಲಕ್ಷ ಕಲಾವಿದರ ಪ್ರದರ್ಶನಗಳ ದಾಖಲೆಯನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ, ಮೊದಲ ಐದು ಪ್ರದರ್ಶನಗಳು ಎಲ್ಲಿ ನಡೆದವು ಎಂಬುದರಿಂದ ಮುಂದಿನ ದಾರಿಯನ್ನು ಬಹಳಮಟ್ಟಿಗೆ ಊಹಿಸಬಹುದು ಎಂದಿತು. ಹೆಸರಿಲ್ಲದ ಜಾಗಗಳಲ್ಲಿ ಶುರುಮಾಡಿ ಮೇಲೆ ಬಂದ ಕೆಲವರಲ್ಲಿ ಕಂಡ ಗುಣವೆಂದರೆ, ಅವರು ಒಂದೇ ಕಡೆ ಕೂರದೆ ಬೇರೆ ಬೇರೆ ಸ್ಥಳಗಳಲ್ಲಿ ಪ್ರದರ್ಶಿಸಿದ್ದರು. ಇದು ನ್ಯಾಯವೇ ಎಂದು ಕೇಳಿದರೆ ಅಲ್ಲ. ಆದರೆ ತಿಳಿದಿರುವುದು ಒಳ್ಳೆಯದು. ನಮ್ಮ ಕರಾವಳಿಯವರು ಊರಿನ ಒಂದೇ ಹಾಲಿನಲ್ಲಿ, ಅದೇ ನೆಂಟರಿಷ್ಟರ ಮುಂದೆ ವರ್ಷ ವರ್ಷ ಪ್ರದರ್ಶನ ಮಾಡಿ ಅಲ್ಲೇ ನಿಂತುಬಿಡುತ್ತಾರೆ. ಮಂಗಳೂರು, ಮಣಿಪಾಲದ ಗ್ಯಾಲರಿಗಳ ಜತೆಗೆ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ನಡೆಸುವ ಚಿತ್ರಸಂತೆಗೂ ಅರ್ಜಿ ಹಾಕಿ. ಕೊಚ್ಚಿಯಲ್ಲಿ ಬಿನಾಲೆ ಎಂಬ ದೊಡ್ಡ ಕಲಾಪ್ರದರ್ಶನ ನಡೆಯುವ ವರ್ಷ ರೈಲು ಹತ್ತಿ ಹೋಗಿ ನೋಡಿ ಬನ್ನಿ. ತೋರಿಸಲು 12ರಿಂದ 15 ಚಿತ್ರ ಇರಲಿ, ಎಲ್ಲವೂ ಒಂದೇ ವಿಷಯವನ್ನು ಸುತ್ತಿದ್ದಾಗಿರಲಿ. ಸಿನಿಮಾ ನಟರ ಭಾವಚಿತ್ರದ ಪಕ್ಕದಲ್ಲಿ ಗಣಪತಿ, ಅದರ ಪಕ್ಕದಲ್ಲಿ ಸೂರ್ಯಾಸ್ತ ಇಟ್ಟರೆ ಈ ಕಲಾವಿದ ಯಾರು ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ.

ಕರಾವಳಿಯಲ್ಲಿ ಹೆಸರು ಉಳಿಸಿಕೊಳ್ಳಲು ಇನ್ನೊಂದು ವಿದ್ಯೆಯೂ ಬೇಕು, ಮಳೆಗಾಲವನ್ನು ಗೆಲ್ಲುವುದು. ಜುಲೈಯಲ್ಲಿ ಇಲ್ಲಿನ ಗಾಳಿಯ ತೇವ ಶೇ. 85 ದಾಟುತ್ತದೆ. ಕಾಗದದ ಮೇಲ್ಮೈಗೆ ಹಾಕಿದ ಅಂಟು ಬೂಷ್ಟು ಹಿಡಿದು ಕೆಟ್ಟರೆ ಜಲವರ್ಣ ಅಲ್ಲಲ್ಲಿ ಇಂಗಿ ಚುಕ್ಕೆ ಬೀಳುತ್ತದೆ. ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿಡಿ. ಒಂದು ಪದರ ಪೂರ್ತಿ ಒಣಗುವ ಮೊದಲು ಇನ್ನೊಂದು ನೀರಿನ ಕುಂಚ ತಾಗಿಸಿದರೆ ಬಣ್ಣ ಅಂಚಿಗೆ ಓಡಿ ಹೂವಿನಂತೆ ಅರಳುತ್ತದೆ. ಹೊಳಪು ಹೋದರೆ ಸಾಲದು, ಕೈಯ ಹಿಂಭಾಗ ತಾಗಿಸಿದಾಗ ತಣ್ಣಗೆನ್ನಿಸಬಾರದು. ಪೆನ್ಸಿಲ್ ಚಿತ್ರ ಅಳಿಸಿಹೋಗದಂತೆ ಅದರ ಮೇಲೆ ಹೊಡೆಯುವ ಫಿಕ್ಸೆಟಿವ್ ಮಳೆ ಸುರಿಯುವ ದಿನ ಬಿಳಿಚಿಕೊಳ್ಳುವುದುಂಟು, ಒಣ ದಿನಕ್ಕೆ ಕಾಯಿರಿ. ಫ್ರೇಮ್ ಹಾಕುವಾಗ ಗಾಜು ಚಿತ್ರಕ್ಕೆ ತಾಗದಂತೆ ಸುತ್ತ ಆಮ್ಲರಹಿತ ದಪ್ಪ ಕಾಗದದ ಮೌಂಟ್ ಕೊಡಿಸಿ, ಹಿಂಬದಿ ಟೇಪಿನಿಂದ ಮುಚ್ಚಿಸಿ, ನಾಲ್ಕು ಮೂಲೆಗೆ ಕಾರ್ಕಿನ ತುಂಡು ಅಂಟಿಸಿ. ಮುರಕಲ್ಲಿನ ಹೊರಗೋಡೆಗೆ ತೂಗು ಹಾಕಬೇಡಿ ಎಂದು ಕೊಂಡವರಿಗೆ ಹೇಳಿ ಕಳಿಸಿ. ಎರಡೇ ಮಳೆಗಾಲಕ್ಕೆ ಬೂಷ್ಟು ಹಿಡಿದ ಚಿತ್ರ ಕೊಟ್ಟವರ ಹತ್ತಿರ ಅದೇ ಗಿರಾಕಿ ಮತ್ತೆ ಬರುವುದಿಲ್ಲ.

ಕೆಲಸ ಈಗ ಬಿಡಬೇಡಿ. ಸೊಸೈಟಿಯ ಸಂಬಳ ಇರುವಷ್ಟು ದಿನ ನೀವು ಗಿರಾಕಿಗೆ ಹಿಡಿಸುವುದನ್ನೇ ಬಿಡಿಸಬೇಕಾದ ಒತ್ತಡವಿಲ್ಲದೆ ಕಲಿಯಬಹುದು, ಅದು ದೊಡ್ಡ ಸ್ವಾತಂತ್ರ್ಯ. ಭಾವಚಿತ್ರದ ಬೇಡಿಕೆ ಬಂದರೆ ತೆಗೆದುಕೊಳ್ಳಿ. ಅರ್ಧ ಹಣ ಮುಂಗಡ, ಒಂದು ಸಲ ಮಾತ್ರ ತಿದ್ದುಪಡಿ, ಕೊಡುವ ತಾರೀಖು ಇವನ್ನು ಮೊದಲೇ ಬರೆದುಕೊಡಿ. ಬೆಲೆಯನ್ನು ಹಿಡಿದ ಗಂಟೆ, ಸಾಮಾನು, ಫ್ರೇಮ್ ಸೇರಿಸಿ ಕಟ್ಟಿ. ಪಕ್ಕದವರು ಎಷ್ಟಕ್ಕೆ ಮಾಡುತ್ತಾರೆ ಎಂದು ನೋಡಿ ಇಳಿಸಬೇಡಿ. ಸತತ ಹನ್ನೆರಡು ತಿಂಗಳು ಚಿತ್ರದಿಂದ ಬಂದ ಹಣ ಮನೆಖರ್ಚಿನ ಅರ್ಧ ಮುಟ್ಟಿ, ಕೈಯಲ್ಲಿ ಒಂದು ವರ್ಷದ ಖರ್ಚಿನಷ್ಟು ಉಳಿತಾಯ ಇದ್ದಾಗ ಕೆಲಸ ಬಿಡುವ ಮಾತು ಎತ್ತಬಹುದು. ಶಾಸ್ತ್ರೀಯವಾಗಿ ಕಲಿಯುವ ಆಸೆ ಇದ್ದರೆ ಮಂಗಳೂರಿನ ಮಹಾಲಸಾ ಕಲಾ ಕಾಲೇಜಿಗೆ ಹೋಗಿ ವಿಚಾರಿಸಿ. ದೃಶ್ಯಕಲೆಯ ಪದವಿ ನಾಲ್ಕು ವರ್ಷದ್ದು, ಅದಕ್ಕೆ ಸೇರಿದರೆ ಕೆಲಸ ಬಿಡಬೇಕಾಗುತ್ತದೆ. ಹಾಗಾಗಿ ಅದನ್ನು ಆರು ತಿಂಗಳ ಕೊಡಪಾನದ ಚಿತ್ರಗಳು ಕೈಯಲ್ಲಿರುವಾಗ ನಿರ್ಧರಿಸಿ, ವಿಚಾರಿಸಲು ಹೋಗುವಾಗ ಅವನ್ನೂ ತಪ್ಪಿನ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.